ರಾಡ್ ಮೇಲೆ 8 ಅಂತಿದ್ದರೆ ಲೈನ್ ಕೂಡ 8 ಸಾಕಾ? ಫ್ಲೈ ರಾಡ್‌ಗೆ ಲೈನ್ ಹೊಂದಿಸುವ ಬಗೆ

ಫ್ಲೈ ರಾಡ್ ಹೊಸದಾಗಿ ಕೊಂಡವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಇದೇ. ರಾಡ್ ಮೇಲೆ 8 ಅಂತ ಬರೆದಿದೆ, 8ರ ಲೈನ್ ತಗೊಂಡರೆ ಆಯ್ತಲ್ವಾ? ಶುರು ಮಾಡಲಿಕ್ಕೆ ಸಾಕು. ಆದರೆ ಕಾರವಾರದ ಕೋಡಿಬಾಗದ ದಂಡೆಯಲ್ಲಿ ನಿಂತು ಕಾಳಿ ನದಿಗೆ ಬೀಸುವಾಗ ಲೈನ್ ಕಾಲ ಬುಡದಲ್ಲೇ ಗುಡ್ಡೆ ಬೀಳುತ್ತಿದ್ದರೆ, ಅಥವಾ ಎರಡು ಗಂಟೆಗೇ ತೋಳು ಸೋತು ಹೋಗುತ್ತಿದ್ದರೆ, ಆ 8 ಅನ್ನೋ ಸಂಖ್ಯೆ ನಿಜವಾಗಿ ಏನು ಹೇಳುತ್ತದೆ ಅಂತ ಒಮ್ಮೆ ಕೂತು ತಿಳಿದುಕೊಳ್ಳಬೇಕು. ಅರ್ಧ ತಾಸಿನ ಕೆಲಸ ಅಷ್ಟೆ.

ಮೊದಲು ಮೂಲ ಸಂಗತಿ. ಮಾಮೂಲಿ ಗಾಳದಲ್ಲಿ ದಾರದ ತುದಿಗೆ ಸೀಸ ಕಟ್ಟುತ್ತೇವೆ. ಬೀಸಿದಾಗ ಸೀಸ ಹಾರುತ್ತದೆ, ದಾರ ಅದರ ಹಿಂದೆ ಹೋಗುತ್ತದೆ. ಬೀಸುಬಲೆ ಅರಳಿ ಬೀಳುವುದೂ ಅಂಚಿನ ಸೀಸದ ಗುಂಡುಗಳಿಂದಲೇ. ಫ್ಲೈ ಹಾಗಲ್ಲ. ಒಂದಿಷ್ಟು ಗರಿ, ಒಂದಿಷ್ಟು ಕೂದಲು ಸುತ್ತಿದ ಕೊಕ್ಕೆ ಅದು, ಕೈಯಲ್ಲಿ ಹಿಡಿದು ಎಸೆದರೆ ಹತ್ತು ಅಡಿಯೂ ಹೋಗುವುದಿಲ್ಲ. ಹಾಗಾಗಿ ಇಲ್ಲಿ ದಾರವೇ ಸೀಸದ ಕೆಲಸ ಮಾಡಬೇಕು. ಫ್ಲೈ ಲೈನ್ ಅಷ್ಟು ದಪ್ಪ ಇರುವುದು ಅದಕ್ಕೇ. ಗಾಳಿಯಲ್ಲಿ ಹಾರುವುದು ಲೈನು, ಫ್ಲೈ ಸುಮ್ನೆ ಅದರ ಬಾಲ ಹಿಡಿದು ಹೋಗುತ್ತದೆ.

ಇನ್ನು ರಾಡ್. ಶಿರಸಿ ಕಡೆಯವರಿಗೆ ಇದನ್ನು ಹೇಳುವುದು ಸುಲಭ, ಯಾಕೆಂದರೆ ಅಲ್ಲಿ ಕಾರ್ಬನ್ ಫೈಬರ್ ದೋಟಿ ಈಗ ತುಂಬಾ ತೋಟಗಳಲ್ಲಿದೆ. ದೋಟಿಯ ತುದಿಗೆ ಅಡಿಕೆ ಕೊನೆಯ ಭಾರ ಬಿದ್ದಾಗ ಬಾಗುತ್ತದೆ, ಭಾರ ಇಳಿದ ಕೂಡಲೇ ನೆಟ್ಟಗಾಗುತ್ತದೆ. ಫ್ಲೈ ರಾಡ್ ಕೂಡ ಹೆಚ್ಚಾಗಿ ಅದೇ ಕಾರ್ಬನ್ ನಾರಿನದು, ಕೆಲಸವೂ ಅದೇ. ಹಿಂದಕ್ಕೆ ಹೋದ ಲೈನಿನ ಭಾರಕ್ಕೆ ಅದು ಬಾಗಬೇಕು, ಮುಂದಕ್ಕೆ ತಂದು ಗಕ್ಕನೆ ನಿಲ್ಲಿಸಿದಾಗ ನೆಟ್ಟಗಾಗಿ ಲೈನನ್ನು ಚಿಮ್ಮಬೇಕು. ಭಾರ ಕಡಿಮೆಯಾದರೆ ಬಾಗುವುದೇ ಇಲ್ಲ. ಜಾಸ್ತಿಯಾದರೆ ಬಾಗಿದ್ದು ಸರಿಯಾದ ಹೊತ್ತಿಗೆ ಏಳುವುದಿಲ್ಲ. ಹೊಂದಿಸುವುದು ಅಂದರೆ ಇವೆರಡರ ನಡುವಿನ ಜಾಗ ಹುಡುಕುವುದು.

ರಾಡಿನ ಸಂಖ್ಯೆ ಹಿಡಿಕೆಯ ಸ್ವಲ್ಪ ಮೇಲೆ ಇರುತ್ತದೆ. ಕೆಲವರು ಒಂಬತ್ತು ಅಡಿ, 8 ಅಂತ ಬಿಡಿಸಿ ಬರೆಯುತ್ತಾರೆ, ಇನ್ನು ಕೆಲವರು 908-4 ಅಂತ ಒಟ್ಟಿಗೆ ಬರೆಯುತ್ತಾರೆ. ಅಂದರೆ 9 ಅಡಿ 0 ಇಂಚು, 8ರ ಲೈನ್, 4 ತುಂಡು. ಆ 8 ಅಂದರೆ ರಾಡಿನ ತೂಕ ಅಲ್ಲ, ಮೀನಿನ ತೂಕವಂತೂ ಅಲ್ಲವೇ ಅಲ್ಲ. ಎಷ್ಟು ತೂಕದ ಲೈನಿಗೆ ಈ ರಾಡ್ ಮಾಡಿದ್ದು ಅನ್ನುವುದು ಮಾತ್ರ.

ಲೈನಿನ ಸಂಖ್ಯೆಗೂ ಒಂದು ಕಥೆ ಇದೆ. ಹಿಂದೆ ರೇಷ್ಮೆಯ ಲೈನ್ ಇದ್ದಾಗ ದಪ್ಪ ಅಳೆದು ಅಕ್ಷರಗಳಲ್ಲಿ ಹೆಸರಿಡುತ್ತಿದ್ದರು. ಎಲ್ಲವೂ ರೇಷ್ಮೆಯದೇ ಆದ್ದರಿಂದ ದಪ್ಪ ಗೊತ್ತಾದರೆ ತೂಕ ಗೊತ್ತಾದಂತೆ. ನೈಲಾನ್ ಮತ್ತು ಪ್ಲಾಸ್ಟಿಕ್ ಲೇಪದ ಲೈನ್ ಬಂದ ಮೇಲೆ ಈ ಲೆಕ್ಕ ಕೆಟ್ಟಿತು, ದಪ್ಪ ಒಂದೇ ಇದ್ದರೂ ತೂಕ ಬೇರೆ ಬೇರೆ. ಅದಕ್ಕೆ 1961ರಲ್ಲಿ ಅಮೆರಿಕದ ಮೀನುಗಾರಿಕೆ ಸಲಕರಣೆ ತಯಾರಕರ ಸಂಘ ದಪ್ಪ ಬಿಟ್ಟು ತೂಕ ಹಿಡಿಯಿತು. ಲೈನಿನ ಮುಂದಿನ 30 ಅಡಿ ಎಷ್ಟು ಗ್ರೇನ್ ತೂಗುತ್ತದೆ ಅನ್ನುವುದೇ ಅದರ ನಂಬರ್. ಗ್ರೇನ್ ಅಂದರೆ ಜವೆಗೋಧಿಯ ಕಾಳಿನಿಂದ ಬಂದ ಹಳೆಯ ಅಳತೆ. ನಮ್ಮಲ್ಲಿ ಚಿನ್ನ ತೂಗಲು ಗುಲಗಂಜಿ ಇತ್ತಲ್ಲ, ಹಾಗೆಯೇ. ಒಂದು ಗುಲಗಂಜಿಯಲ್ಲಿ ಹತ್ತಿರ ಹತ್ತಿರ ಎರಡು ಗ್ರೇನ್ ಕೂರುತ್ತದೆ. ಒಂದು ಗ್ರಾಂ ಅಂದರೆ 15.43 ಗ್ರೇನ್.

ನಮಗೆ ಬೇಕಾಗುವ ಸಂಖ್ಯೆಗಳು ಇಷ್ಟೆ. 5ರ ಲೈನ್ 140 ಗ್ರೇನ್, 6ರದ್ದು 160, 7ರದ್ದು 185, 8ರದ್ದು 210, 9ರದ್ದು 240, 10ರದ್ದು 280. ಗ್ರಾಮಿನಲ್ಲಿ ಹೇಳುವುದಾದರೆ 5 ಅಂದರೆ 9.1 ಗ್ರಾಂ, 8 ಅಂದರೆ 13.6, 10 ಅಂದರೆ 18.1. ಸ್ವಲ್ಪ ಹೆಚ್ಚುಕಡಿಮೆಗೆ ಅವಕಾಶ ಇದೆ, 8ಕ್ಕೆ ಎಂಟು ಗ್ರೇನ್ ಆಚೀಚೆ ಆದರೂ ಅದು 8ರ ಲೈನೇ. ಮೇಲೆ ಹೋದಂತೆ ಸಂಖ್ಯೆಗಳ ನಡುವಿನ ಅಂತರ ದೊಡ್ಡದಾಗುವುದನ್ನು ಗಮನಿಸಿ. 5ರಿಂದ 6ಕ್ಕೆ 20 ಗ್ರೇನ್ ಮಾತ್ರ, 9ರಿಂದ 10ಕ್ಕೆ 40.

ಡಬ್ಬಿ ಓದುವುದು ಕಷ್ಟವಿಲ್ಲ. ಡಬ್ಲ್ಯೂಎಫ್-8-ಎಫ್ ಅಂತಿದ್ದರೆ ಮೊದಲ ಎರಡು ಅಕ್ಷರ ಆಕಾರ, ನಡುವಿನದು ತೂಕ, ಕೊನೆಯದು ತೇಲುತ್ತದೋ ಮುಳುಗುತ್ತದೋ ಅನ್ನುವುದು. ಡಬ್ಲ್ಯೂಎಫ್ ಅಂದರೆ ವೇಟ್ ಫಾರ್ವರ್ಡ್, ಭಾರವೆಲ್ಲ ಮುಂದಿನ ಭಾಗದಲ್ಲಿ, ಹಿಂದೆ ತೆಳ್ಳಗಿನ ಲೈನ್. ಡಿಟಿ ಅಂದರೆ ಡಬಲ್ ಟೇಪರ್, ಎರಡೂ ತುದಿ ಸಪೂರ, ನಡುವೆಲ್ಲ ಒಂದೇ ದಪ್ಪ. ಕೊನೆಯ ಎಫ್ ಅಂದರೆ ತೇಲುವುದು, ಐ ಅಂದರೆ ನಿಧಾನವಾಗಿ ಮುಳುಗುವ ಇಂಟರ್‌ಮೀಡಿಯೆಟ್, ಎಸ್ ಅಂದರೆ ಬೇಗ ಮುಳುಗುವುದು. ನಮ್ಮ ಕರಾವಳಿಗೆ ಡಬ್ಲ್ಯೂಎಫ್ ತಗೊಳ್ಳಿ, ಡಿಟಿ ಬೇಡ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ನನ್ನ ಮೊದಲ 8ರ ರಾಡ್‌ಗೆ ಆನ್‌ಲೈನ್‌ನಲ್ಲಿ ತರಿಸಿದ ಲೈನಿನ ಡಬ್ಬಿ ಮೇಲೆ 8 ಅಂತಲೇ ಇತ್ತು. ಇಡೀ ಚಳಿಗಾಲ ಅದನ್ನೇ ಬೀಸಿದೆ. ನಲವತ್ತು ಅಡಿ ದಾಟಿಸಲು ಹೋದರೆ ರಾಡ್ ಹಿಡಿಕೆಯವರೆಗೂ ಬಾಗಿ, ಲೈನ್ ಗಾಳಿಯಲ್ಲಿ ಮಡಚಿ ಬಿಚ್ಚಿಕೊಳ್ಳುವ ಸುತ್ತು ಅಗಲವಾಗಿ, ನೀರಿಗೆ ಪಟಾರನೆ ಬೀಳುತ್ತಿತ್ತು. ತಪ್ಪು ನನ್ನ ಕೈಯದು ಅಂದುಕೊಂಡು ದಿನಾ ಬೆಳಿಗ್ಗೆ ದಂಡೆಯಲ್ಲಿ ಅಭ್ಯಾಸ ಮಾಡಿದೆ. ಕೊನೆಗೆ ನಮ್ಮ ಮಾವ ನೋಡಿ, ಅವರು ಬೀಸುಬಲೆಯವರು, ಫ್ಲೈ ಮುಟ್ಟಿದವರೇ ಅಲ್ಲ, ಒಂದೇ ಮಾತು ಹೇಳಿದರು: “ದಾರ ಭಾರ ಆಗಿದೆ ಮಾರಾಯ, ಒಂದ್ಸಲ ತೂಕ ಹಾಕಿ ನೋಡು.” ಗ್ರಾಮಿನ ನೂರನೇ ಭಾಗವನ್ನೂ ತೋರಿಸುವ ತಕ್ಕಡಿ ಮನೆಯಲ್ಲಿ ಎಲ್ಲಿರುತ್ತದೆ? ಚಿನ್ನದ ಕೆಲಸದ ಶೇಟರ ಅಂಗಡಿಗೆ ಹೋದೆ. ಅವರು ಬೇಸರವಿಲ್ಲದೆ ತೂಗಿಕೊಟ್ಟರು. 15.9 ಗ್ರಾಂ. 15.43ರಿಂದ ಗುಣಿಸಿದರೆ 245 ಗ್ರೇನ್. ಅಂದರೆ ಡಬ್ಬಿ ಮೇಲೆ 8, ಒಳಗಿರುವುದು 9!

ಇದು ಮೋಸ ಅಂತ ಮೊದಲು ಅನಿಸಿತ್ತು. ಅಲ್ಲ. ಈಗಿನ ರಾಡ್‌ಗಳು ಹಳೆಯವಕ್ಕಿಂತ ಗಡುಸು. ಹೊಸಬರ ಕೈಗೆ ಅವು ಬಾಗುವುದು ಗೊತ್ತೇ ಆಗುವುದಿಲ್ಲ. ಅದಕ್ಕೆ ಎಷ್ಟೋ ಕಂಪನಿಗಳು ಬೇಕಂತಲೇ ಅರ್ಧ ನಂಬರ್, ಕೆಲವೊಮ್ಮೆ ಒಂದು ಪೂರಾ ನಂಬರ್ ಭಾರದ ಲೈನ್ ಮಾಡಿ ಮಾರುತ್ತಾರೆ. ಒಳ್ಳೆಯ ಕಂಪನಿಗಳು ಡಬ್ಬಿಯ ಹಿಂದೆ ಗ್ರೇನ್ ಎಷ್ಟು ಅಂತ ಬರೆದಿರುತ್ತಾರೆ. ಹಾಗಾಗಿ ಕೊಳ್ಳುವ ಮುಂಚೆ ಆ ದೊಡ್ಡ ನಂಬರ್ ಬಿಟ್ಟು ಈ ಸಣ್ಣ ಅಕ್ಷರ ಓದಿ. ಅಲ್ಲಿ ಪೂರಾ ಹೆಡ್‌ನ, ಅಂದರೆ ಲೈನಿನ ಮುಂದಿನ ದಪ್ಪ ಭಾಗದ, ತೂಕ ಕೊಟ್ಟಿದ್ದಾರೋ ಮೊದಲ 30 ಅಡಿಯದೋ ಅಂತಲೂ ನೋಡಿ. ಹೆಡ್ 38 ಅಡಿ ಉದ್ದ ಇದ್ದರೆ ಅದರ ಪೂರಾ ತೂಕ ಸಹಜವಾಗಿಯೇ ಜಾಸ್ತಿ ಇರುತ್ತದೆ, ಅದನ್ನು 30 ಅಡಿಯ ಪಟ್ಟಿಗೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಬರೆದಿಲ್ಲದಿದ್ದರೆ ತೂಗಿ. ತುದಿಯಲ್ಲಿ ಕೆಲವು ಇಂಚು ಒಂದೇ ಸಪೂರಕ್ಕೆ ಇರುವ ಭಾಗ ಲೆಕ್ಕಕ್ಕಿಲ್ಲ, ಅದನ್ನು ಬಿಟ್ಟು 30 ಅಡಿ, ಅಂದರೆ 9 ಮೀಟರ್ 14 ಸೆಂಟಿಮೀಟರ್ ಅಳೆಯಿರಿ. ಅಲ್ಲಿ ಒಂದು ಸಣ್ಣ ನೂಲು ಕಟ್ಟಿ ಗುರುತು ಮಾಡಿ. ಕತ್ತರಿಸಬೇಡಿ ಮತ್ತೆ! 30 ಅಡಿಯನ್ನು ಸುರುಳಿ ಮಾಡಿ ತಕ್ಕಡಿಯ ತಟ್ಟೆಯಲ್ಲಿಡಿ, ಉಳಿದ ಲೈನನ್ನು ತಟ್ಟೆಯಷ್ಟೇ ಎತ್ತರದ ಪೆಟ್ಟಿಗೆ ಮೇಲೆ ಸಡಿಲವಾಗಿ ಬಿಡಿ, ಕೆಳಗೆ ಜೋತುಬಿದ್ದರೆ ಅದರ ಎಳೆತವೂ ತೂಕದಲ್ಲಿ ಸೇರುತ್ತದೆ. ಲೈನ್ ಒಣಗಿರಲಿ. ತಟ್ಟೆ ಚಿಕ್ಕದಿದ್ದರೆ ಮೊದಲೇ ಒಂದು ಬಟ್ಟಲು ಇಟ್ಟು ಸೊನ್ನೆ ಮಾಡಿಕೊಳ್ಳಿ.

ಇನ್ನು ಆ 245 ಗ್ರೇನಿನ ಲೈನ್. ಅದನ್ನು ಎಸೆಯಬೇಕು ಅಂತಿದ್ದೆ. ಅಷ್ಟರಲ್ಲಿ ಒಂದು ದಿನ ಅಘನಾಶಿನಿಯ ಅಳಿವೆ ಕಡೆ ಹೋದಾಗ, ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡಗಳ ನಡುವಿನ ಸಣ್ಣ ಕಾಲುವೆಯಲ್ಲಿ ಅದೇ ಲೈನ್ ಚೆನ್ನಾಗಿ ಹೋಯಿತು. ಅದೇ ರಾಡ್, ಅದೇ ಕೈ. ಯಾಕೆ ಅಂತ ಮನೆಗೆ ಬಂದು ಲೆಕ್ಕ ಹಾಕಿದೆ. 245ನ್ನು 30ರಿಂದ ಭಾಗಿಸಿದರೆ ಅಡಿಗೆ ಎಂಟು ಗ್ರೇನ್‌ಗಿಂತ ಸ್ವಲ್ಪ ಮೇಲೆ. ಆ ಕಾಲುವೆಯಲ್ಲಿ ನಾನು ಹೊರಗೆ ಬಿಡುತ್ತಿದ್ದದ್ದು 25 ಅಡಿ ಮಾತ್ರ. ಅಷ್ಟರ ತೂಕ ಸುಮಾರು 204 ಗ್ರೇನ್. ಅಂದರೆ ರಾಡಿನ ತುದಿಗೆ ಬೀಳುತ್ತಿದ್ದ ಭಾರ ಸರಿಸುಮಾರು 8ರದ್ದೇ. ಕೋಡಿಬಾಗದಲ್ಲಿ 40 ಅಡಿ ಗಾಳಿಯಲ್ಲಿ ಹಿಡಿಯಲು ಹೋದಾಗ ಅದೇ ಲೈನ್ 325 ಗ್ರೇನ್ ದಾಟುತ್ತಿತ್ತು. ಅದು 11ರ ಲೈನಿನ ತೂಕ. ರಾಡ್ ಪಾಪ ಎಲ್ಲಿಂದ ತಡೆದುಕೊಳ್ಳಬೇಕು?

ಇಲ್ಲೇ ಇಡೀ ಗುಟ್ಟಿರುವುದು. ರಾಡ್ ಮೇಲಿನ ಸಂಖ್ಯೆ 30 ಅಡಿ ಹೊರಗಿದ್ದಾಗಿನ ಸಲಹೆ. ನೀವು ಎಷ್ಟು ಲೈನ್ ಹೊರಗೆ ಬಿಟ್ಟು ಬೀಸುತ್ತೀರಿ ಅನ್ನುವುದರ ಮೇಲೆ ತೂಕ ದಿನಾ ಬದಲಾಗುತ್ತದೆ. ನಿಜವಾದ 8ರ ಲೈನ್ ಅಡಿಗೆ 7 ಗ್ರೇನ್. ನಾಲ್ಕು ಅಡಿ ಹೆಚ್ಚು ಬಿಟ್ಟರೆ 238, ಅಂದರೆ 9 ಆಯಿತು. 20 ಅಡಿ ಮಾತ್ರ ಬಿಟ್ಟರೆ 140, ಅದು 5ರ ಲೈನಿನ ಭಾರ. 5ರ ಲೈನ್ ಹಾಕಿ 8ರ ರಾಡ್ ಬಾಗಿಸಿ ಅಂದರೆ ಹೇಗೆ ಬಾಗುತ್ತದೆ? ಲೈನಿನ ತುದಿ ಸಪೂರ ಇರುವುದರಿಂದ ಈ ಲೆಕ್ಕ ಕೂದಲಳತೆಯದ್ದಲ್ಲ, ಹತ್ತಿರದ ಬೀಸಿಗೆ ನಿಜವಾದ ತೂಕ ಇನ್ನೂ ಕಡಿಮೆಯೇ ಆಗುತ್ತದೆ. ಆದರೂ ಮನಸ್ಸಿನಲ್ಲಿಡಲು ಇದು ಸಾಕು: ನಾಲ್ಕಡಿಗೆ ಒಂದು ನಂಬರ್.

ಹಾಗಾಗಿ ಕಾಂಡ್ಲಾ ಕಾಲುವೆ, ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಬದಿ, ಸೇತುವೆ ಕಂಬದ ಬುಡ, ಇಂಥ ಕಡೆ 20ರಿಂದ 30 ಅಡಿಯೊಳಗೆ ಬೀಸುವವರು ರಾಡ್‌ಗಿಂತ ಒಂದು ನಂಬರ್ ಮೇಲಿನ ಲೈನ್ ಹಾಕಿ, ಹೆದರಬೇಡಿ. ಹಿಂದೆ ಜಾಗ ಇಲ್ಲದೆ ಒಂದೇ ಬೀಸಿನಲ್ಲಿ ಮುಗಿಸಬೇಕಾದಾಗ ಆ ಭಾರ ತುಂಬಾ ಸಹಾಯ ಮಾಡುತ್ತದೆ. ತೆರೆದ ದಂಡೆಯಲ್ಲಿ, ಮಾಜಾಳಿ ಕಡೆಯೋ ದೇವಬಾಗ ಕಡೆಯೋ, 30ರಿಂದ 40 ಅಡಿ ಗಾಳಿಯಲ್ಲಿ ಹಿಡಿದು ಉಳಿದದ್ದನ್ನು ಜಾರಿಸುವವರು ಡಬ್ಬಿಯಲ್ಲೂ ತಕ್ಕಡಿಯಲ್ಲೂ ಒಂದೇ ಇರುವ, ನಿಜವಾದ ನಂಬರಿನ ಲೈನ್ ಹಾಕಿ. ಐವತ್ತು ಅಡಿ ಗಾಳಿಯಲ್ಲೇ ಹಿಡಿಯಬಲ್ಲ ಪಳಗಿದ ಕೈಯವರು ಒಂದು ನಂಬರ್ ಕೆಳಗಿನದನ್ನೂ ಹಾಕುತ್ತಾರೆ. ಅದು ಎಲ್ಲರಿಗೂ ಅಲ್ಲ.

ಗಾಳಿಯ ಬಗ್ಗೆ ಒಂದು ತಪ್ಪು ನಂಬಿಕೆ ತುಂಬಾ ಕಡೆ ಇದೆ, ಗಾಳಿ ಜೋರಾದರೆ ಭಾರದ ಲೈನ್ ಹಾಕು ಅಂತ. ಭಾರದ ತೇಲುವ ಲೈನ್ ಅಂದರೆ ದಪ್ಪದ ಲೈನ್, ದಪ್ಪಕ್ಕೆ ಗಾಳಿಯೂ ಜಾಸ್ತಿ ತಾಗುತ್ತದೆ, ಅದರ ಮೇಲೆ ರಾಡ್ ಅತಿಯಾಗಿ ಬಾಗಿ ಸುತ್ತು ಅಗಲವಾದರೆ ಲೈನ್ ತಿರುಗಿ ನಿಮ್ಮ ಮೇಲೇ ಬರುತ್ತದೆ. ಗಾಳಿಗೆ ಬೇಕಾದದ್ದು ಸಪೂರ ಲೈನ್ ಮತ್ತು ಕಿರಿದಾದ ಸುತ್ತು. ಇಲ್ಲಿ ಇಂಟರ್‌ಮೀಡಿಯೆಟ್ ಲೈನ್ ನನಗೆ ತುಂಬಾ ಇಷ್ಟ. ಅದರ ವಸ್ತು ನೀರಿಗಿಂತ ಸಾಂದ್ರ, ಹಾಗಾಗಿ ಅದೇ 210 ಗ್ರೇನ್ ಇದ್ದರೂ ತೇಲುವ ಲೈನಿಗಿಂತ ತೆಳ್ಳಗಿರುತ್ತದೆ, ಗಾಳಿಯನ್ನು ಸೀಳಿ ಹೋಗುತ್ತದೆ. ಮೇಲಿನ ತೆರೆಯ ಕೆಳಗೆ ಇಳಿದು ಫ್ಲೈಯನ್ನು ನೇರವಾಗಿ ಎಳೆಯುತ್ತದೆ ಕೂಡ. ಗಾಳಿಗೇ ಹೋಗುವುದಾದರೆ ಇಡೀ ಜೋಡಿಯನ್ನು ಏರಿಸಿ, ಅಂದರೆ 9ರ ರಾಡ್‌ಗೆ 9ರ ಲೈನ್. ರಾಡ್ ಅಲ್ಲೇ ಇಟ್ಟು ಲೈನ್ ಮಾತ್ರ ಏರಿಸಬೇಡಿ. ಅಥವಾ ಇನ್ನೂ ಸುಲಭದ ದಾರಿ, ಬೇಗ ಎದ್ದು ಹೋಗಿ. ಮಳೆಗಾಲ ಬಿಟ್ಟರೆ ನಮ್ಮಲ್ಲಿ ಬೆಳಿಗ್ಗೆ ಗಾಳಿ ಘಟ್ಟದ ಕಡೆಯಿಂದ ಸಮುದ್ರಕ್ಕೆ ಮೆತ್ತಗೆ ಬೀಸುತ್ತದೆ, ಬಿಸಿಲೇರಿದ ಮೇಲೆ ಸಮುದ್ರದಿಂದ ಮುಖಕ್ಕೆ ಬರುತ್ತದೆ. ಬೆಳಗಿನ ಮೂರು ತಾಸು ಉಳಿದ ಇಡೀ ದಿನಕ್ಕೆ ಸಮ.

ಹೊಸದಾಗಿ ಎಲ್ಲವನ್ನೂ ಕೊಳ್ಳುವವರು ರಾಡ್‌ನಿಂದ ಶುರು ಮಾಡುತ್ತಾರೆ. ನಾನು ಉಲ್ಟಾ ಹೇಳುತ್ತೇನೆ. ಫ್ಲೈನಿಂದ ಶುರು ಮಾಡಿ. ನೀವು ಹಿಡಿಯಬೇಕು ಅಂತಿರುವ ಮೀನು ಏನು ತಿನ್ನುತ್ತದೆ, ಅದರಷ್ಟು ದೊಡ್ಡ ಫ್ಲೈ ಎಷ್ಟು ಭಾರ, ನೀರು ಕುಡಿದ ಮೇಲೆ ಎಷ್ಟು ಭಾರ, ಅದನ್ನು ಹೊತ್ತು ಹೋಗಲು ಯಾವ ಲೈನ್ ಬೇಕು, ಆ ಲೈನ್ ಬೀಸಲು ಯಾವ ರಾಡ್ ಬೇಕು, ಈ ಕ್ರಮದಲ್ಲಿ ಯೋಚಿಸಿ. ಅಳಿವೆಯ ಚೊಣಕ್‌ಗೆ, ಅದೇ ಬಾರಾಮಂಡಿ, ಬೆರಳುದ್ದದ ಮೀನಿನಂಥ ಫ್ಲೈ ಬೇಕು, 1/0 ಅಥವಾ 2/0 ಕೊಕ್ಕೆ, ತಲೆಗೆ ಲೋಹದ ಕಣ್ಣು. ಅದನ್ನು 5ರ ಲೈನ್ ಹೊರುವುದಿಲ್ಲ. ಲೈನ್ ಮುಂದೆ ಹೋಗುತ್ತದೆ, ಫ್ಲೈ ಹಿಂದೆ ಉಳಿದು ನಿಮ್ಮ ಕಿವಿಗೋ ಬೆನ್ನಿಗೋ ಬಂದು ಚುಚ್ಚುತ್ತದೆ. ಕನ್ನಡಕ ಮತ್ತು ಟೊಪ್ಪಿ ಇಲ್ಲದೆ ಯಾವತ್ತೂ ಬೀಸಬೇಡಿ. ಇಂಥ ಫ್ಲೈಗೆ 8 ಸರಿ. ಇನ್ನೂ ದೊಡ್ಡದಕ್ಕೆ 9, 10. ಘಟ್ಟದ ಮೇಲಿನ ಕೆರೆಗಳಲ್ಲಿ, ಕೆರೆಯವರ ಒಪ್ಪಿಗೆ ಪಡೆದು, ಸಣ್ಣ ಫ್ಲೈ ಹಾಕುವವರಿಗೆ 5 ಧಾರಾಳ ಸಾಕು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಮಾತ್ರ ಯಾವ ನಂಬರಿನ ರಾಡನ್ನೂ ತೆಗೆಯಬೇಡಿ.

ಒಂದೇ ರಾಡ್ ಕೊಳ್ಳುವ ಶಕ್ತಿ ಇರುವುದು ಅನ್ನುವವರಿಗೆ ನನ್ನ ಮಾತು ನೇರ. ಒಂಬತ್ತು ಅಡಿಯ 8, ಜೊತೆಗೆ ನಿಜವಾದ 8ರ ಇಂಟರ್‌ಮೀಡಿಯೆಟ್ ಲೈನ್ ಮೊದಲು, ಆಮೇಲೆ ದುಡ್ಡಾದಾಗ ಅರ್ಧ ನಂಬರ್ ಭಾರದ ತೇಲುವ ಲೈನ್. ರಾಡ್‌ನಲ್ಲಿ ಸ್ವಲ್ಪ ಉಳಿಸಿ, ಲೈನಿಗೆ ಹಾಕಿ. ಸಾಧಾರಣ ರಾಡ್‌ಗೆ ಸರಿಯಾದ ಲೈನ್ ಹಾಕಿದರೆ ಚೆನ್ನಾಗಿ ಹೋಗುತ್ತದೆ. ದುಬಾರಿ ರಾಡ್‌ಗೆ ತಪ್ಪು ಲೈನ್ ಹಾಕಿದರೆ ಎಲ್ಲಿಗೂ ಹೋಗುವುದಿಲ್ಲ.

ಲೈನ್ ಕೊಳ್ಳುವಾಗ ಇನ್ನೊಂದು ವಿಷಯ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಟ್ರೌಟ್‌ಗೆ ಅಂತ ಮಾಡಿದ ತಣ್ಣೀರಿನ ಲೈನ್ ನಮ್ಮ ಬಿಸಿಲಿಗೆ ಬೆಂದ ಶ್ಯಾವಿಗೆಯಂತೆ ಮೆತ್ತಗಾಗಿ ರಾಡಿನ ರಿಂಗುಗಳಿಗೆ ಅಂಟುತ್ತದೆ. ತೂಕ ಎಷ್ಟೇ ಸರಿ ಇದ್ದರೂ ಜಾರುವುದಿಲ್ಲ, ನೀವು ರಾಡ್ ಹೊಂದುತ್ತಿಲ್ಲ ಅಂದುಕೊಳ್ಳುತ್ತೀರಿ. ಡಬ್ಬಿ ಮೇಲೆ ಟ್ರಾಪಿಕಲ್ ಅಂತ ಇರುವುದನ್ನೇ ತಗೊಳ್ಳಿ. ಅದರ ಒಳನೂಲು, ಮೇಲಿನ ಲೇಪ ಎರಡೂ ಗಡುಸು. ತಗೊಂಡ ಮೇಲೆ ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಬೇಡಿ.

ಎರಡು ಕೈಯಲ್ಲಿ ಹಿಡಿಯುವ ಸ್ಪೇ ರಾಡ್ ಸಿಕ್ಕಿದರೆ ಮೇಲಿನ ಲೆಕ್ಕ ಹಚ್ಚಬೇಡಿ. ಅದರ 8ಕ್ಕೂ ನಮ್ಮ 8ಕ್ಕೂ ಸಂಬಂಧ ಇಲ್ಲ, ಅಲ್ಲಿ ಎಲ್ಲವೂ ದುಪ್ಪಟ್ಟಿನ ಆಸುಪಾಸು.

ಈಗಾಗಲೇ ರಾಡ್, ಲೈನ್ ಎರಡೂ ಇರುವವರು ಹೊಂದಿದೆಯಾ ಇಲ್ಲವಾ ಅಂತ ನೋಡುವುದು ಹೇಗೆ? ಗಾಳಿ ಇಲ್ಲದ ಬೆಳಿಗ್ಗೆ ಒಂದು ಮೈದಾನಕ್ಕೆ ಹೋಗಿ. ಕೊಕ್ಕೆ ಬೇಡ, ಲೀಡರ್, ಅಂದರೆ ಲೈನಿಗೂ ಫ್ಲೈಗೂ ನಡುವಿನ ಸಪೂರ ದಾರದ ತುದಿಗೆ ಒಂದು ಚೂರು ಉಲ್ಲನ್ ಕಟ್ಟಿ. ರಾಡ್ ತುದಿಯಿಂದ ಹೊರಗೆ ಸರಿಯಾಗಿ 30 ಅಡಿ ಲೈನ್ ಬಿಟ್ಟು ಮೆಲ್ಲಗೆ ಹಿಂದೆ ಮುಂದೆ ಬೀಸಿ. ಹಿಂದೆ ಲೈನ್ ನೆಟ್ಟಗಾದಾಗ ಹಿಡಿಕೆಯಲ್ಲಿ ಯಾರೋ ಮೆಲ್ಲಗೆ ಎಳೆದಂತೆ ಒಂದು ಜಗ್ಗು ಗೊತ್ತಾಗಬೇಕು. ಅದು ಗೊತ್ತೇ ಆಗದೆ, ಒಣ ಕೋಲು ಆಡಿಸಿದಂತಿದ್ದು, ಲೈನ್ ಗಾಳಿಯಲ್ಲಿ ಅಳ್ಳಕವಾಗಿ ತೂಗಾಡುತ್ತಿದ್ದರೆ ಭಾರ ಕಡಿಮೆ. ಇಂಥ ಹೊತ್ತಲ್ಲಿ ನಾವು ಬಲ ಹಾಕಿ ಬೀಸುತ್ತೇವೆ, ಲೈನ್ ತನ್ನ ಮೇಲೆ ತಾನೇ ಬಿದ್ದು ಲೀಡರ್‌ನಲ್ಲಿ ಗಂಟು ಬೀಳುತ್ತದೆ. ರಾಡ್ ಹಿಡಿಕೆಯವರೆಗೂ ಬಾಗಿ, ನಿಲ್ಲಿಸಿದ ಮೇಲೂ ತುದಿ ಅದುರುತ್ತಾ, ಲೈನ್ ಅಗಲ ಸುತ್ತಿನಲ್ಲಿ ಹೋಗಿ ದೊಪ್ಪನೆ ಬಿದ್ದರೆ ಭಾರ ಜಾಸ್ತಿ. ಆಮೇಲೆ 20 ಅಡಿಗೆ ಇಳಿಸಿ ನೋಡಿ, 40ಕ್ಕೆ ಏರಿಸಿ ನೋಡಿ. ಎಷ್ಟು ಅಡಿಯಲ್ಲಿ ರಾಡ್ ಸುಖವಾಗಿ ಕೆಲಸ ಮಾಡಿತು ಅಂತ ಬರೆದುಕೊಳ್ಳಿ. ಆ ಅಡಿ ಮತ್ತು ನೀವು ಮೀನು ಹಿಡಿಯುವ ದೂರ ಒಂದೇ ಆಗಿದ್ದರೆ ಲೈನ್ ಬದಲಿಸುವ ಅಗತ್ಯವೇ ಇಲ್ಲ, ಡಬ್ಬಿ ಏನೇ ಹೇಳಲಿ. ಅಕ್ಷರ ಅಳಿಸಿಹೋದ ಹಳೆಯ ರಾಡ್‌ಗಳಿಗೂ ಇದೇ ದಾರಿ, ಗೆಳೆಯರಿಂದ 6, 7, 8ರ ಲೈನ್ ಕಡ ತಂದು ಒಂದೊಂದಾಗಿ ಬೀಸಿ ನೋಡುವುದು.

ರೀಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದೇ ನಂಬರಿನದು ತಗೊಳ್ಳಿ, ಬ್ಯಾಕಿಂಗ್ ದಾರ, ಅಂದರೆ ಲೈನಿನ ಹಿಂದೆ ರೀಲ್‌ಗೆ ಮೊದಲು ಸುತ್ತುವ ತೆಳ್ಳಗಿನ ದಾರ, ತುಂಬಿದ ಮೇಲೆ ಲೈನ್ ಅಂಚಿಗೆ ತಾಗದಷ್ಟು ಜಾಗ ಇರಲಿ, ಉಪ್ಪುನೀರಿನಿಂದ ಬಂದ ದಿನವೇ ಸಿಹಿನೀರಲ್ಲಿ ತೊಳೆಯಿರಿ. ಲೈನನ್ನೂ ತೊಳೆಯಿರಿ. ಉಪ್ಪು ಹಿಡಿದ ಲೈನ್ ಜಾರುವುದಿಲ್ಲ.

ಎರಡು ಮೂರು ಲೈನ್ ಆದ ಮೇಲೆ ಯಾವುದು ಯಾವುದು ಅಂತ ಮರೆತುಹೋಗುತ್ತದೆ, ಡಬ್ಬಿಗಳು ಮಳೆಗಾಲದಲ್ಲಿ ಬೂಸಲು ಹಿಡಿದು ಹೋಗುತ್ತವೆ. ಅಮೆರಿಕದ ಲೆಫ್ಟಿ ಕ್ರೆ ಎಂಬ ಹೆಸರಾಂತ ಫ್ಲೈ ಮೀನುಗಾರ ಜನಪ್ರಿಯ ಮಾಡಿದ ಒಂದು ಗುರುತಿನ ಪದ್ಧತಿ ಇದೆ. ಲೈನಿನ ತುದಿಯ ಹತ್ತಿರ ಅಳಿಸದ ಮಾರ್ಕರ್ ಪೆನ್ನಿನಲ್ಲಿ ಗೆರೆ ಹಾಕುವುದು. ಉದ್ದ ಗೆರೆಗೆ 5, ಗಿಡ್ಡ ಗೆರೆಗೆ 1. 8ಕ್ಕೆ ಒಂದು ಉದ್ದ, ಮೂರು ಗಿಡ್ಡ. ನನ್ನ ಆ ಹಳೆಯ ಲೈನಿಗೆ ಒಂದು ಉದ್ದ ಮತ್ತು ನಾಲ್ಕು ಗಿಡ್ಡ ಗೆರೆ ಹಾಕಿದ್ದೇನೆ, ಡಬ್ಬಿಯ ನಂಬರ್ ಅಲ್ಲ, ಶೇಟರ ತಕ್ಕಡಿಯ ನಂಬರ್. ಕಾಂಡ್ಲಾ ಕಾಲುವೆಗೆ ಹೋಗುವ ದಿನ ಆ ಲೈನೇ ರೀಲ್‌ಗೆ ಏರುತ್ತದೆ.